ಗ್ಯಾಸ್ ಹಾಕಿಸಿದ ಕಾರು ಬಿಸಿಯಾಗ್ತಿದ್ಯಾ? ಹೆಡ್ ಬಿಚ್ಚೋ ಮುಂಚೆ ಒಂದ್ಸಲ ಪೆಟ್ರೋಲ್‌ಗೆ ಹಾಕಿ ನೋಡಿ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ ಇಲ್ಲಿದೆ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಇವತ್ತಿನ ವಿಷಯ ಕಾರಿನ ಬಗ್ಗೆ. ಅದ್ರಲ್ಲೂ ಎಲ್‌ಪಿಜಿ ಅಥವಾ ಸಿಎನ್‌ಜಿ ಕಿಟ್ ಹಾಕಿಸಿರೋ ಹಳೆ ಕಾರು, ಅದರ ಕೂಲಿಂಗ್ ಸಿಸ್ಟಮ್.

ನಮ್ಮೂರು ಹಾಸನ ತಾಲ್ಲೂಕಿನ ಸಾಲಗಾಮೆ. ಹಾಸನದಲ್ಲಿ ಓದಿದವರಿಗೆ ಈ ಹೆಸರು ಗೊತ್ತೇ ಇರುತ್ತೆ. ಮಲೆನಾಡು ಇಂಜಿನಿಯರಿಂಗ್ ಕಾಲೇಜು ಇರೋದೇ ಸಾಲಗಾಮೆ ರಸ್ತೆಯಲ್ಲಿ. ಅದೇ ರಸ್ತೆ ಹಿಡಿದು ಬಂದ್ರೆ ನಮ್ಮೂರು. ಅಪ್ಪನ ಹತ್ರ ಒಂದು ಹಳೆ ನಾಲ್ಕು ಸಿಲಿಂಡರ್ ಪೆಟ್ರೋಲ್ ಕಾರಿದೆ. ಪೆಟ್ರೋಲ್ ರೇಟು ತಡೀಲಾರದೆ ಎಲ್‌ಪಿಜಿ ಕಿಟ್ ಹಾಕಿಸಿದ್ರು. ಅಮ್ಮನ್ನ ವಾರಕ್ಕೆರಡು ಸಲ ಹಾಸನಕ್ಕೆ ಫಿಸಿಯೋಥೆರಪಿಗೆ ಕರ್ಕೊಂಡು ಹೋಗೋದು ಆ ಕಾರಲ್ಲೇ. ಮೊಣಕಾಲು ಆಪರೇಷನ್ ಆದವರಿಗೆ ಬಸ್ ಹತ್ತೋದು ಆಗದ ಮಾತು.

ಹೋದ ಚಳಿಗಾಲದಲ್ಲಿ ಈ ಕಾರು ಕೈಕೊಡ್ತು. ಮಂಗಳೂರಿಗೆ ಹೋಗಿ ವಾಪಸ್ ಬರುವಾಗ ಶಿರಾಡಿ ಘಾಟಿ ಹತ್ತುತ್ತಾ ಇದ್ವಿ. ಟೆಂಪರೇಚರ್ ಮುಳ್ಳು ಮೆಲ್ಲಗೆ ಮೇಲೆ ಹೋಯ್ತು. ಸೈಡಿಗೆ ಹಾಕಿ ಬಾನೆಟ್ ಎತ್ತಿದ್ರೆ, ನೀರಿನ ಬಾಟಲಿಯಲ್ಲಿ ಅನ್ನ ಕುದಿಯೋ ಹಾಗೆ ಗುಳುಗುಳು. ಮಾರನೇ ದಿನ ಗ್ಯಾರೇಜಲ್ಲಿ ತೋರಿಸಿದ್ರೆ ಅವರು ಎರಡು ನಿಮಿಷ ನೋಡಿ, ‘ಹೆಡ್ ಗ್ಯಾಸ್ಕೆಟ್ ಹೋಗಿದೆ, ಹೆಡ್ ಇಳಿಸ್ಬೇಕು, 25 ಸಾವಿರ ಇಟ್ಕೊಳ್ಳಿ’ ಅಂದ್ರು. ಅಪ್ಪ ಆವತ್ತು ರಾತ್ರಿ, ‘ಅಷ್ಟು ದುಡ್ಡು ಹಾಕೋ ಬದ್ಲು ಗುಜರಿಗೆ ಕೊಟ್ಬಿಡೋದೇ ವಾಸಿ’ ಅಂತ ಹೇಳಿದ್ರು.

ಹೆಡ್ ಇಳಿಸಲಿಲ್ಲ, ಗುಜರಿಗೂ ಕೊಡಲಿಲ್ಲ. ತೊಂದರೆ ಇದ್ದದ್ದು ಬೇರೆ ಕಡೆ. ಅದನ್ನ ಹೇಗೆ ಕಂಡುಹಿಡಿದ್ವಿ ಅನ್ನೋದೇ ಇವತ್ತಿನ ಕತೆ.

ಗ್ಯಾಸ್‌ಗೂ ರೇಡಿಯೇಟರ್ ನೀರಿಗೂ ಏನು ಸಂಬಂಧ?

ಮದುವೆ ಮನೆ ಅಡುಗೆ ನೋಡಿದೀರಾ? ದೊಡ್ಡ ಒಲೆಗೆ ಹಾಕಿದ ಸಿಲಿಂಡರ್ ಮೈಮೇಲೆ ನೀರ ಹನಿ ಕೂತಿರುತ್ತೆ, ಒಮ್ಮೊಮ್ಮೆ ಬಿಳಿ ಹಿಮವೇ ಕಟ್ಟುತ್ತೆ. ಉರಿ ಸಣ್ಣಗಾದಾಗ ಅಡುಗೆ ಭಟ್ರು ಸಿಲಿಂಡರನ್ನ ನೀರಿನ ಟಬ್‌ನಲ್ಲಿ ನಿಲ್ಲಿಸ್ತಾರೆ. ಯಾಕೆ? ಒಳಗಿರೋ ಎಲ್‌ಪಿಜಿ ದ್ರವ ರೂಪದಲ್ಲಿದೆ. ಅದು ಆವಿಯಾಗೋಕೆ ಶಾಖ ಬೇಕು. ಆ ಶಾಖವನ್ನ ಅದು ಸಿಲಿಂಡರ್‌ನಿಂದ, ಸುತ್ತಲಿನ ಗಾಳಿಯಿಂದ, ಟಬ್‌ನ ನೀರಿಂದ ಎಳ್ಕೊಳ್ಳುತ್ತೆ.

ಕಾರಲ್ಲೂ ಇದೇ ನಡೆಯೋದು. ಹಿಂದಿನ ಟ್ಯಾಂಕಿಂದ ಎಲ್‌ಪಿಜಿ ದ್ರವವಾಗಿಯೇ ಮುಂದೆ ಬರುತ್ತೆ. ಬಾನೆಟ್ ಒಳಗೆ ರೆಡ್ಯೂಸರ್ ಅಂತ ಒಂದು ಲೋಹದ ಡಬ್ಬಿ ಇರುತ್ತೆ, ಕೆಲವರು ವೇಪರೈಸರ್ ಅಂತಾರೆ. ದ್ರವ ಆವಿಯಾಗೋದು, ಒತ್ತಡ ಇಳಿಯೋದು ಎರಡೂ ಅಲ್ಲೇ. ಒಂದು ಕೆಜಿ ಎಲ್‌ಪಿಜಿ ಆವಿಯಾಗೋಕೆ ಸುಮಾರು 350ರಿಂದ 400 ಕಿಲೋಜೂಲ್ ಶಾಖ ಬೇಕು. ಅಂದ್ರೆ ಒಂದು ಲೀಟರ್ ನೀರಿನ ಉಷ್ಣಾಂಶವನ್ನ 85–95 ಡಿಗ್ರಿ ಏರಿಸೋಕೆ ಎಷ್ಟು ಬೇಕೋ ಅಷ್ಟು. ಈ ಶಾಖ ಕೊಡೋದು ಇಂಜಿನ್ನಿನ ಬಿಸಿನೀರು. ಅದಕ್ಕೇ ಕಿಟ್ ಹಾಕುವಾಗ ಹೀಟರ್‌ಗೆ ಹೋಗೋ ನೀರಿನ ಪೈಪುಗಳನ್ನ ಕತ್ತರಿಸಿ, ‘ಟಿ’ ಜೋಡಿಸಿ, ಎರಡು ಪೈಪನ್ನ ರೆಡ್ಯೂಸರ್‌ಗೆ ಕೊಡ್ತಾರೆ.

ಸಿಎನ್‌ಜಿ ದ್ರವ ಅಲ್ಲ. ಆದ್ರೆ ಸಿಲಿಂಡರ್‌ನಲ್ಲಿ 200 ಬಾರ್ ಒತ್ತಡದಲ್ಲಿರೋದು ಕೆಲವೇ ಬಾರ್‌ಗೆ ಇಳಿಯುವಾಗ ಅದೂ ಸಿಕ್ಕಾಪಟ್ಟೆ ತಣ್ಣಗಾಗುತ್ತೆ. ಹಾಗಾಗಿ ಅಲ್ಲೂ ಸಾಮಾನ್ಯವಾಗಿ ಬಿಸಿನೀರಿನ ಪೈಪು ಇರುತ್ತೆ.

ಇದರ ಅರ್ಥ ಇಷ್ಟು. ಗ್ಯಾಸ್ ಹಾಕಿಸಿದ ದಿನದಿಂದ ನಿಮ್ಮ ಕಾರಿನ ಕೂಲಿಂಗ್ ಸಿಸ್ಟಮ್‌ಗೆ ಎರಡು ಹೊಸ ಪೈಪು, ನಾಲ್ಕಾರು ಹೊಸ ಕ್ಲಿಪ್ಪು, ಒಂದು ಹೊಸ ಡಬ್ಬಿ ಸೇರಿದೆ. ಹಾಳಾಗೋಕೆ ಹೊಸ ಜಾಗಗಳು ಹುಟ್ಟಿವೆ. ಹಳೆ ಅಭ್ಯಾಸದಲ್ಲಿ ಬರೀ ರೇಡಿಯೇಟರ್, ಪಂಪು, ಹೆಡ್ಡು ಅಂತ ಹುಡುಕಿದ್ರೆ ಈ ಹೊಸ ಜಾಗ ಕಣ್ಣಿಗೆ ಬೀಳೋದೇ ಇಲ್ಲ.

ನಾನು ಗಮನಿಸದೇ ಬಿಟ್ಟ ಸೂಚನೆ

ಘಾಟಿಯಲ್ಲಿ ಬಿಸಿಯಾಗೋಕೆ ಸುಮಾರು ಒಂದು ತಿಂಗಳು ಮುಂಚೆಯಿಂದ ಕಾರು ಬೆಳಗ್ಗೆ ಹೊತ್ತು ಜರ್ಕ್ ಹೊಡೀತಿತ್ತು. ಗ್ಯಾಸ್‌ಗೆ ಬದಲಾದ ತಕ್ಷಣ ಎಳೆತ ಕಮ್ಮಿ. ಒಂದು ದಿನ ಬಾನೆಟ್ ಎತ್ತಿ ನೋಡಿದ್ರೆ ರೆಡ್ಯೂಸರ್ ಮೇಲೆ ಬಿಳಿ ಹಿಮ. ‘ಡಿಸೆಂಬರ್ ಅಲ್ವಾ, ನಮ್ಮೂರ ಚಳಿ’ ಅಂತ ಸುಮ್ಮನಾದೆ. ಅದೇ ನನ್ನ ತಪ್ಪು.

ಇಂಜಿನ್ ಬಿಸಿಯಾಗಿದ್ದೂ ರೆಡ್ಯೂಸರ್ ಹಿಮ ಕಟ್ಟಿದ್ರೆ ಅದಕ್ಕೆ ಚಳಿ ಕಾರಣ ಅಲ್ಲ. ಅಲ್ಲಿಗೆ ಬಿಸಿನೀರು ತಲುಪ್ತಿಲ್ಲ. ಕಾರಣ ಇವುಗಳಲ್ಲಿ ಒಂದಿರಬಹುದು: ನೀರು ಕಮ್ಮಿಯಾಗಿದೆ, ಪೈಪಲ್ಲಿ ಗಾಳಿ ಸಿಕ್ಕಾಕ್ಕೊಂಡಿದೆ, ಡಬ್ಬಿಯೊಳಗೆ ಪಾಚಿ ಅಥವಾ ತುಕ್ಕು ಕಟ್ಟಿದೆ, ಪಂಪು ತಳ್ಳುತ್ತಿಲ್ಲ. ರೆಡ್ಯೂಸರನ್ನ ಬಾನೆಟ್ ಒಳಗೆ ತುಂಬ ಎತ್ತರದಲ್ಲಿ ಕೂರಿಸಿದ್ರೆ, ನೀರು ಸ್ವಲ್ಪ ಇಳಿದ್ರೂ ಮೊದಲು ಒಣಗೋದು ಅದೇ.

ಇಲ್ಲೊಂದು ಒಳ್ಳೆ ವಿಷಯಾನೂ ಇದೆ. ಬರೀ ಪೆಟ್ರೋಲ್ ಕಾರಲ್ಲಿ ನೀರು ಕಮ್ಮಿಯಾಗಿದ್ದು ಮುಳ್ಳು ಏರಿದ ಮೇಲೆ ಗೊತ್ತಾಗುತ್ತೆ. ಕೆಲವು ಸಲ ಅದೂ ಇಲ್ಲ. ಸೆನ್ಸರ್ ನೀರಿನಲ್ಲಿ ಮುಳುಗಿರಬೇಕು, ನೀರು ಅದಕ್ಕಿಂತ ಕೆಳಗೆ ಇಳಿದ್ರೆ ಮುಳ್ಳು ಸರಿಯಾಗಿ ತೋರಿಸೋದೇ ಇಲ್ಲ. ಗ್ಯಾಸ್ ಕಾರಲ್ಲಿ ರೆಡ್ಯೂಸರ್ ಮೊದಲೇ ಕೂಗಿ ಹೇಳುತ್ತೆ. ಕೇಳಿಸಿಕೊಳ್ಳಬೇಕು ಅಷ್ಟೇ.

ಬೆಳಗ್ಗೆ ತಣ್ಣಗಿರುವಾಗ ಶುರು ಮಾಡಿ

ಮೊದಲ ನಿಯಮ: ಬಿಸಿ ಇಂಜಿನ್ನಿನ ರೇಡಿಯೇಟರ್ ಕ್ಯಾಪ್ ಯಾವತ್ತೂ ಬಿಚ್ಚಬೇಡಿ. ಒಳಗೆ ನೀರು ಒತ್ತಡದಲ್ಲಿ, 100 ಡಿಗ್ರಿ ಸುತ್ತಮುತ್ತ ಇರುತ್ತೆ. ಕ್ಯಾಪ್ ತೆಗೆದ ಕ್ಷಣ ಅದು ಆವಿಯಾಗಿ ಮುಖಕ್ಕೆ ಹಾರುತ್ತೆ.

ಬೆಳಗ್ಗೆ ತಣ್ಣಗಿರುವಾಗ ಕ್ಯಾಪ್ ತೆಗೀರಿ. ಬಾಟಲಿ ನೋಡಿದ್ರೆ ಸಾಲದು, ರೇಡಿಯೇಟರ್ ಬಾಯಲ್ಲಿ ನೀರಿದ್ಯಾ ನೋಡಿ. ಬಣ್ಣ ನೋಡಿ. ಕೆಂಪು ಮಣ್ಣಿನ ಬಣ್ಣ ಇದ್ರೆ ತುಕ್ಕು. ಬೋರ್‌ವೆಲ್ ನೀರು ಸುರಿಯೋ ಅಭ್ಯಾಸ ಇದ್ರೆ ಬಿಟ್ಬಿಡಿ. ಆ ನೀರಿನ ಸುಣ್ಣ ಮೊದಲು ಕಟ್ಟಿಕೊಳ್ಳೋದು ಹೀಟರ್ ಮತ್ತು ರೆಡ್ಯೂಸರ್‌ನ ಸಣ್ಣ ದಾರಿಗಳಲ್ಲಿ. ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಬೆರೆಸಿ ಹಾಕಿ.

ಕ್ಯಾಪ್‌ನ ರಬ್ಬರ್, ಸ್ಪ್ರಿಂಗ್ ನೋಡಿ. ಇದು ಸಣ್ಣ ಸಾಮಾನು, ಆದ್ರೆ ಕೆಲಸ ದೊಡ್ಡದು. ಹಾಸನ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಮೇಲಿದೆ. ಇಲ್ಲಿ ತೆರೆದ ಪಾತ್ರೆಯಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತೆ. ಹಲವು ಕಾರುಗಳಲ್ಲಿ ರೇಡಿಯೇಟರ್ ಫ್ಯಾನ್ ತಿರುಗೋಕೆ ಶುರುವಾಗೋದೇ 95ರ ಆಸುಪಾಸಿನಲ್ಲಿ. ಕ್ಯಾಪ್ ಸುಮಾರು 1 ಬಾರ್ ಒತ್ತಡ ಹಿಡಿದಿಟ್ಟುಕೊಂಡ್ರೆ ನೀರು 120 ಡಿಗ್ರಿ ಹತ್ತಿರದವರೆಗೂ ಕುದಿಯಲ್ಲ. ಕ್ಯಾಪ್ ಲೂಸಾದ್ರೆ? ಫ್ಯಾನ್ ಕೆಲಸ ಶುರು ಮಾಡೋ ಹೊತ್ತಿಗೆ ನೀರು ಕುದಿಯೋ ಹಂತಕ್ಕೆ ಬಂದಿರುತ್ತೆ. ಕುಕ್ಕರ್‌ನ ವಿಷಲ್ ಹೋದ ಹಾಗೆ. ಅದಕ್ಕೇ ಬೇರೇನೂ ಬಿಚ್ಚೋ ಮುಂಚೆ ಕ್ಯಾಪ್ ಬದಲಿಸಿ ನೋಡಿ.

ಆಮೇಲೆ ಪೆಟ್ರೋಲಲ್ಲಿ ಸ್ಟಾರ್ಟ್ ಮಾಡಿ, ಫ್ಯಾನ್ ಮತ್ತು ಬೆಲ್ಟ್‌ನಿಂದ ದೂರ ಕೈ ಇಟ್ಟು, ಪೈಪುಗಳನ್ನ ಮುಟ್ಟಿ ನೋಡ್ತಾ ಹೋಗಿ.

ರೆಡ್ಯೂಸರ್‌ನ ಎರಡೂ ಪೈಪು ಮೊದಲು ಬಿಸಿಯಾಗಬೇಕು. ಹೀಟರ್ ದಾರಿಗೆ ಥರ್ಮೋಸ್ಟಾಟ್ ಅಡ್ಡ ಇರಲ್ಲ. ಒಂದು ಬಿಸಿ, ಇನ್ನೊಂದು ತಣ್ಣಗೆ ಅಂದ್ರೆ ಡಬ್ಬಿಯೊಳಗೆ ನೀರು ಹರೀತಿಲ್ಲ. ಎರಡೂ ತಣ್ಣಗೆ ಅಂದ್ರೆ ಏರ್‌ಲಾಕ್, ನೀರಿನ ಕೊರತೆ ಅಥವಾ ಪಂಪು. ಹಳೆ ಕಾರಾಗಿದ್ರೆ ಇನ್ನೊಂದು ನೋಡಿ: ರೆಡ್ಯೂಸರನ್ನ ಹೀಟರ್ ಜೊತೆ ಒಂದೇ ಸಾಲಿನಲ್ಲಿ ಜೋಡಿಸಿದ್ದು, ನೀವು ಹೀಟರ್ ವಾಲ್ವ್ ಮುಚ್ಚಿದ್ರೆ, ರೆಡ್ಯೂಸರ್‌ಗೂ ನೀರು ನಿಂತುಹೋಗುತ್ತೆ.

ರೇಡಿಯೇಟರ್‌ನ ಮೇಲಿನ ಪೈಪು ಮೊದಲು ತಣ್ಣಗಿದ್ದು, ಆಮೇಲೆ ತಟ್ಟನೆ ಬಿಸಿಯಾಗಬೇಕು. ಥರ್ಮೋಸ್ಟಾಟ್ ಸಾಮಾನ್ಯವಾಗಿ 82–88 ಡಿಗ್ರಿಯಲ್ಲಿ ತೆರೆಯುತ್ತೆ. ಮುಳ್ಳು ಮೇಲೆ ಹೋದ್ರೂ ಈ ಪೈಪು ತಣ್ಣಗೇ ಇದ್ರೆ ಥರ್ಮೋಸ್ಟಾಟ್ ಸಿಕ್ಕಾಕ್ಕೊಂಡಿದೆ. ಸ್ಟಾರ್ಟ್ ಮಾಡಿದ ಕ್ಷಣದಿಂದ್ಲೇ ನಿಧಾನಕ್ಕೆ ಬೆಚ್ಚಗಾಗ್ತಾ ಇದ್ರೆ, ಥರ್ಮೋಸ್ಟಾಟ್ ತೆರೆದೇ ನಿಂತಿದೆ ಅಥವಾ ಯಾರೋ ತೆಗೆದು ಬಿಸಾಕಿದ್ದಾರೆ.

ಈ ‘ತೆಗೆದು ಬಿಸಾಕೋ’ ಮದ್ದು ನಮ್ಮ ಕಡೆ ತುಂಬಾ ಫೇಮಸ್. ಗ್ಯಾಸ್ ಕಾರಿಗೆ ಅದು ವಿಷ. ನೀರು ಬಿಸಿಯಾಗೋಕೆ ಹೆಚ್ಚು ಹೊತ್ತು ಬೇಕಾಗುತ್ತೆ. ಸೀಕ್ವೆನ್ಷಿಯಲ್ ಕಿಟ್‌ನ ಇಸಿಯು ರೆಡ್ಯೂಸರ್ ಬೆಚ್ಚಗಾಗೋವರೆಗೂ, ಸಾಮಾನ್ಯವಾಗಿ 30–40 ಡಿಗ್ರಿವರೆಗೆ, ಪೆಟ್ರೋಲಲ್ಲೇ ಓಡಿಸುತ್ತೆ. ಉಳಿಸೋಕೆ ಅಂತ ಹಾಕಿಸಿದ ಕಿಟ್, ಕುಡಿಯೋದು ಪೆಟ್ರೋಲ್. ಘಾಟಿ ಇಳಿಯುವಾಗ ಇಂಜಿನ್‌ಗೆ ಕೆಲಸವೇ ಇರಲ್ಲ, ನೀರು ಇನ್ನೂ ತಣ್ಣಗಾಗುತ್ತೆ. ಕೆಳಗೆ ಬಂದು ಆಕ್ಸಿಲರೇಟರ್ ಒತ್ತಿದಾಗ ರೆಡ್ಯೂಸರ್ ಹೆಪ್ಪುಗಟ್ಟುತ್ತೆ.

ಯಾವಾಗ ಬಿಸಿಯಾಗುತ್ತೆ ಅನ್ನೋದೂ ಸುಳಿವು. ಟ್ರಾಫಿಕ್‌ನಲ್ಲಿ ನಿಂತಾಗ ಮಾತ್ರ ಬಿಸಿಯಾದ್ರೆ ಮೊದಲು ಫ್ಯಾನ್, ಅದರ ರಿಲೇ, ಸ್ವಿಚ್ ನೋಡಿ. ಓಡುವಾಗ, ಏರು ಹತ್ತುವಾಗ ಬಿಸಿಯಾದ್ರೆ ರೇಡಿಯೇಟರ್ ಕಟ್ಟಿರೋದು, ಪಂಪು, ಥರ್ಮೋಸ್ಟಾಟ್, ನೀರಿನ ಮಟ್ಟ ನೋಡಿ. ಪೆಟ್ರೋಲಲ್ಲಿ ಸರಿಯಿದ್ದು ಗ್ಯಾಸಲ್ಲಿ ಮಾತ್ರ ಬಿಸಿಯಾದ್ರೆ, ಗ್ಯಾಸ್ ಮಿಶ್ರಣದ ಟ್ಯೂನಿಂಗ್, ಸ್ಪಾರ್ಕ್ ಪ್ಲಗ್, ರೆಡ್ಯೂಸರ್ ಕಡೆ ತಿರುಗಿ. ‘ಗ್ಯಾಸ್ ಹಾಕಿದ್ರೆ ಇಂಜಿನ್ ಬಿಸಿಯಾಗೋದು ಸಹಜ’ ಅನ್ನೋ ಮಾತು ನಂಬಬೇಡಿ. ಟ್ಯೂನಿಂಗ್ ಸರಿಯಾಗಿದ್ದು ನೀರು ತುಂಬಿದ್ರೆ ಮುಳ್ಳು ಇರಬೇಕಾದ ಜಾಗದಲ್ಲೇ ಇರುತ್ತೆ.

ಕಾರಲ್ಲಿ ಒಬಿಡಿ ಪೋರ್ಟ್ ಇದ್ರೆ ಒಂದು ಬ್ಲೂಟೂತ್ ಡಾಂಗಲ್ ಹಾಕಿ, ಫೋನಲ್ಲೇ ಕೂಲೆಂಟ್ ಉಷ್ಣಾಂಶ ನೋಡಬಹುದು. ಮುಳ್ಳಿಗಿಂತ ಅಂಕಿ ವಾಸಿ. ಅಂದಹಾಗೆ, ಕೋವಿಡ್ ಟೈಮಲ್ಲಿ ತಗೊಂಡ ಹಣೆ ಥರ್ಮಾಮೀಟರ್ ಇಲ್ಲಿ ಕೆಲಸಕ್ಕೆ ಬರಲ್ಲ, ಅದು ಅಳೆಯೋದು ಜ್ವರದ ಲೆಕ್ಕ ಮಾತ್ರ.

ಗುಳ್ಳೆ ಯಾವುದು? ಇದೇ ಮುಖ್ಯ ಪ್ರಶ್ನೆ

ಈಗ ನಮ್ಮ ಕಾರಿಗೆ ಬರೋಣ. ನೀರಲ್ಲಿ ಗುಳ್ಳೆ, ಹೊರಗೆ ಎಲ್ಲೂ ಸೋರದೆ ನೀರು ಮಾಯ, ಗಟ್ಟಿಯಾಗಿ ಉಬ್ಬಿದ ಪೈಪು. ಇವು ಮೂರೂ ಹೆಡ್ ಗ್ಯಾಸ್ಕೆಟ್ ಹೋದ ಲಕ್ಷಣಗಳೇ. ಗ್ಯಾರೇಜಿನವರು ಹೇಳಿದ್ದು ಸುಳ್ಳಲ್ಲ. ಆದ್ರೆ ಗ್ಯಾಸ್ ಕಾರಲ್ಲಿ ಇದೇ ಮೂರೂ ಇನ್ನೊಂದು ಕಾರಣಕ್ಕೂ ಬರುತ್ತೆ.

ರೆಡ್ಯೂಸರ್ ಒಳಗೆ ಎರಡು ಕೋಣೆ ಅಂದ್ಕೊಳ್ಳಿ. ಒಂದರಲ್ಲಿ ಬಿಸಿನೀರು, ಪಕ್ಕದಲ್ಲಿ ಗ್ಯಾಸ್. ನಡುವೆ ಸೀಲ್. ಅದು ವರ್ಷಗಟ್ಟಲೆ ಬಿಸಿ-ತಣ್ಣಗಾಗಿ ಬಿರುಕು ಬಿಟ್ಟಿತು ಅಂದ್ಕೊಳ್ಳಿ. ಇಂಜಿನ್ ಓಡುವಾಗ ಗ್ಯಾಸ್ ಕಡೆಯ ಒತ್ತಡ ಹೆಚ್ಚು, ಗ್ಯಾಸ್ ನೀರಿಗೆ ನುಗ್ಗುತ್ತೆ. ಅದೇ ಗುಳ್ಳೆ. ಆ ಗ್ಯಾಸ್ ನೀರನ್ನ ಕ್ಯಾಪ್ ಮೂಲಕ ಹೊರಗೆ ತಳ್ಳುತ್ತೆ. ಕಾರು ನಿಲ್ಲಿಸಿದ ಮೇಲೆ ಗ್ಯಾಸ್ ಕಡೆ ಒತ್ತಡ ಇಳಿಯುತ್ತೆ, ನೀರು ಇನ್ನೂ ಬಿಸಿ, ಒತ್ತಡದಲ್ಲೇ ಇರುತ್ತೆ. ಆಗ ನೀರು ಉಲ್ಟಾ ಗ್ಯಾಸ್ ಕೋಣೆಗೆ ಹೋಗಬಹುದು. ಬೆಳಗ್ಗೆ ಜರ್ಕ್, ಗ್ಯಾಸ್ ಫಿಲ್ಟರ್‌ನಲ್ಲಿ ತೇವ.

ನಮ್ಮ ಕಾರಲ್ಲಿ ನಡೆದದ್ದು ಇದೇ ಕ್ರಮದಲ್ಲಿ. ಸೀಲ್ ಸಣ್ಣಗೆ ಬಿರುಕು ಬಿಟ್ಟಿತು. ದಿನಾ ಸ್ವಲ್ಪ ಸ್ವಲ್ಪ ನೀರು ಹೋಯ್ತು. ಎತ್ತರದಲ್ಲಿದ್ದ ರೆಡ್ಯೂಸರ್ ಮೊದಲು ಒಣಗಿ ಹಿಮ ಕಟ್ಟಿತು. ನಾನು ನೋಡಿಯೂ ಬಿಟ್ಟೆ. ಕಡೆಗೆ ಸಮುದ್ರಮಟ್ಟದಿಂದ ಸಕಲೇಶಪುರದವರೆಗೆ ಸುಮಾರು 900 ಮೀಟರ್ ಏರೋ ದಾರಿಯಲ್ಲಿ, ಉಳಿದ ನೀರು ಸಾಕಾಗಲಿಲ್ಲ.

ಹಾಗಾದ್ರೆ ಹೆಡ್ ಗ್ಯಾಸ್ಕೆಟ್ಟಾ, ರೆಡ್ಯೂಸರ್ರಾ? ನಾಲ್ಕು ಪರೀಕ್ಷೆ ಇದೆ.

ಒಂದು, ಸ್ವಿಚ್ ಪರೀಕ್ಷೆ. ತಣ್ಣಗಿರುವಾಗ ನೀರು ತುಂಬಿಸಿ, ಬಯಲಲ್ಲಿ ನಿಲ್ಲಿಸಿ, ಗ್ಯಾಸಲ್ಲಿ ಓಡಿಸಿ ಬಾಟಲಿಯಲ್ಲಿ ಗುಳ್ಳೆ ನೋಡಿ. ಆಮೇಲೆ ಪೆಟ್ರೋಲ್‌ಗೆ ಬದಲಿಸಿ. ಗ್ಯಾಸ್ ವಾಲ್ವ್ ಮುಚ್ಚಿಕೊಳ್ಳುತ್ತೆ. ಕೆಲವು ನಿಮಿಷದಲ್ಲಿ ಗುಳ್ಳೆ ನಿಂತ್ರೆ ಅನುಮಾನ ರೆಡ್ಯೂಸರ್ ಮೇಲೆ. ಪೆಟ್ರೋಲಲ್ಲೂ ಅಷ್ಟೇ ಗುಳ್ಳೆ ಬರ್ತಿದ್ರೆ ಹೆಡ್ ಕಡೆ ನೋಡಬೇಕು. ನಮ್ಮದು ಐದು ನಿಮಿಷದಲ್ಲಿ ನಿಂತ್ಹೋಯ್ತು. ಮತ್ತೆ ಗ್ಯಾಸ್‌ಗೆ ಹಾಕಿದ್ರೆ ಮತ್ತೆ ಶುರು. ಅಪ್ಪ ಮೂರು ಸಲ ಮಾಡಿಸಿ ನೋಡಿದ್ರು.

ಎರಡು, ವಾಸನೆ. ಎಲ್‌ಪಿಜಿಗೆ ಸೋರಿಕೆ ಗೊತ್ತಾಗಲಿ ಅಂತಲೇ ಮರ್ಕ್ಯಾಪ್ಟನ್ ಅನ್ನೋ ನಾತದ ರಾಸಾಯನಿಕ ಬೆರೆಸಿರ್ತಾರೆ. ಬಾಟಲಿ ಹತ್ರ ಅಡುಗೆ ಗ್ಯಾಸ್ ವಾಸನೆ ಬಂದ್ರೆ ಅದೇ ಉತ್ತರ. ಆದ್ರೆ ದಯವಿಟ್ಟು ಬೆಂಕಿಕಡ್ಡಿ ಗೀರಿ ಪರೀಕ್ಷೆ ಮಾಡಬೇಡಿ, ಪಕ್ಕದಲ್ಲಿ ಬೀಡಿ-ಸಿಗರೇಟೂ ಬೇಡ.

ಮೂರು, ಬ್ಲಾಕ್ ಟೆಸ್ಟರ್. ರೇಡಿಯೇಟರ್ ಬಾಯಿಗೆ ಇಡೋ ಒಂದು ಕೊಳವೆ, ಅದರಲ್ಲಿ ನೀಲಿ ದ್ರವ. ಸುಟ್ಟ ಹೊಗೆಯ ಇಂಗಾಲದ ಡೈಆಕ್ಸೈಡ್ ತಾಗಿದ್ರೆ ಹಳದಿಯಾಗುತ್ತೆ. ಹೆಡ್ ಗ್ಯಾಸ್ಕೆಟ್ ಹೋಗಿದ್ರೆ ನೀರಿಗೆ ಬರೋದು ಸುಟ್ಟ ಹೊಗೆ. ರೆಡ್ಯೂಸರ್ ಹೋಗಿದ್ರೆ ಬರೋದು ಸುಡದ ಎಲ್‌ಪಿಜಿ, ದ್ರವ ನೀಲಿಯಾಗೇ ಉಳಿಯುತ್ತೆ. ಜೊತೆಗೆ ಕಂಪ್ರೆಷನ್ ಟೆಸ್ಟ್ ಮಾಡಿಸಿ. ಆಯಿಲ್ ಕ್ಯಾಪ್ ಕೆಳಗೆ ಹಾಲು ಬೆರೆಸಿದ ಕಾಫಿ ಬಣ್ಣ, ಇಂಜಿನ್ ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ ಇದ್ರೆ ಅದು ಹೆಡ್ ಕಡೆಯ ಸೂಚನೆ.

ನಾಲ್ಕು, ಬೈಪಾಸ್. ತಣ್ಣಗಿರುವಾಗ ರೆಡ್ಯೂಸರ್‌ನ ಎರಡು ನೀರಿನ ಪೈಪನ್ನ ಕಳಚಿ ಒಂದಕ್ಕೊಂದು ಜೋಡಿಸಿ, ಟ್ಯಾಂಕಿನ ಗ್ಯಾಸ್ ವಾಲ್ವ್ ಮುಚ್ಚಿ, ಗಾಳಿ ತೆಗೆದು ನೀರು ತುಂಬಿ, ಎರಡು ಮೂರು ದಿನ ಬರೀ ಪೆಟ್ರೋಲಲ್ಲಿ ಓಡಿಸಿ. ನೀರು ಒಂದು ಗೆರೆಯೂ ಇಳಿಯದಿದ್ರೆ ಹೆಡ್ ನಿರಪರಾಧಿ. ಇದನ್ನ ತಿಳಿದ ಮೆಕ್ಯಾನಿಕ್ ಕೈಲೇ ಮಾಡಿಸಿ. ಬೈಪಾಸ್ ಇರುವಾಗ ತಪ್ಪಿಯೂ ಗ್ಯಾಸ್‌ಗೆ ಹಾಕಬೇಡಿ, ರೆಡ್ಯೂಸರ್ ಹೆಪ್ಪುಗಟ್ಟುತ್ತೆ.

ಕೊನೆಗೆ ನಾವು ಗ್ಯಾಸ್ ಕಿಟ್ ಕೆಲಸ ಗೊತ್ತಿರೋ ಒಬ್ಬರ ಹತ್ರ ರೆಡ್ಯೂಸರ್ ಬದಲಿಸಿ, ಸ್ವಲ್ಪ ಕೆಳಗೆ ಕೂರಿಸಿಕೊಂಡ್ವಿ. ಪೈಪು, ಕ್ಲಿಪ್ಪು, ಕ್ಯಾಪ್, ಕೂಲೆಂಟ್ ಎಲ್ಲಾ ಹೊಸದು. ಗ್ಯಾರೇಜಲ್ಲಿ ಹೇಳಿದ್ದ ಮೊತ್ತದ ಅರ್ಧದಷ್ಟೂ ಆಗಲಿಲ್ಲ. ಅಮ್ಮನಿಗೆ ತಪ್ಪಿದ್ದು ಮೂರು ಸಲದ ಫಿಸಿಯೋಥೆರಪಿ.

ಹುಷಾರಾಗಿರಬೇಕಾದ ವಿಷಯಗಳು

ನಮಗೆ ಅದೃಷ್ಟ ಇತ್ತು. ಮುಳ್ಳು ಏರಿದ ಕೂಡಲೇ ಅಪ್ಪ ನಿಲ್ಲಿಸಿದ್ರು. ‘ಘಾಟಿ ಮುಗೀಲಿ’ ಅಂತ ಓಡಿಸಿದ್ರೆ ಆಗ ನಿಜವಾಗ್ಲೂ ಹೆಡ್ ಬಾಗಿರೋದು. ರೆಡ್ಯೂಸರ್ ಸಮಸ್ಯೆ ಹೆಡ್ ಸಮಸ್ಯೆಯಾಗೋದು ಹಾಗೇ.

ಹಾಗಾಗಿ ಮುಳ್ಳು ಏರಿದ್ರೆ ಎಸಿ ಆಫ್ ಮಾಡಿ, ಹೀಟರ್ ಫುಲ್ ಇಡಿ, ಸುರಕ್ಷಿತ ಜಾಗ ಸಿಕ್ಕ ತಕ್ಷಣ ನಿಲ್ಲಿಸಿ. ಪೂರ್ತಿ ತಣ್ಣಗಾಗೋವರೆಗೂ ಕ್ಯಾಪ್ ಮುಟ್ಟಬೇಡಿ, ಬಿಸಿ ಇಂಜಿನ್ ಮೇಲೆ ತಣ್ಣೀರು ಸುರೀಬೇಡಿ. ಗ್ಯಾಸ್ ವಾಸನೆ ಬಂದ್ರೆ ಇಂಜಿನ್ ಆಫ್, ಎಲ್ಲರೂ ಕೆಳಗಿಳೀರಿ. ಎಲ್‌ಪಿಜಿ ಗಾಳಿಗಿಂತ ಭಾರ, ಚರಂಡಿಯಲ್ಲಿ, ಗ್ಯಾರೇಜಿನ ಗುಂಡಿಯಲ್ಲಿ ಕೂತುಬಿಡುತ್ತೆ. ಸಿಎನ್‌ಜಿ ಹಗುರ, ಮೇಲೆ ಹೋಗುತ್ತೆ. ಮುಚ್ಚಿದ ಶೆಡ್ಡಲ್ಲಿ ಎರಡೂ ಅಪಾಯವೇ.

ಇನ್ನೊಂದು ಮಾತು. ಕಿಟ್ ಹಾಕಿಸಿದ್ದು ಆರ್‌ಸಿಯಲ್ಲಿ ನಮೂದಾಗಿರಬೇಕು. ಅನುಮೋದಿತ ಕಿಟ್ ಆಗಿರಬೇಕು. ಸಿಎನ್‌ಜಿ ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್ ಕಡ್ಡಾಯ. ಅಡುಗೆ ಮನೆ ಸಿಲಿಂಡರನ್ನ ಕಾರಿಗೆ ಕಟ್ಟೋದು ಕಾನೂನುಬಾಹಿರ. ಅಪಘಾತವಾದ ದಿನ ಅದರ ಬೆಲೆ ಕಟ್ಟೋರು ಹಿಂದಿನ ಸೀಟಲ್ಲಿ ಕೂತವರು.

ಸರಿ, ಫೋನಲ್ಲಿ ಮೂರೇ ಸಾಲು ಬರೆದಿಟ್ಟುಕೊಳ್ಳಿ. ನೀರು ಎಷ್ಟು ದಿನಕ್ಕೆ ಎಷ್ಟು ಇಳೀತಿದೆ? ರೆಡ್ಯೂಸರ್ ಪೈಪು ಎರಡೂ ಬಿಸಿ ಇದ್ಯಾ? ಗುಳ್ಳೆ ಗ್ಯಾಸಲ್ಲಿ ಮಾತ್ರಾನಾ, ಪೆಟ್ರೋಲಲ್ಲೂನಾ? ಈ ಮೂರಕ್ಕೆ ಉತ್ತರ ಇಟ್ಟುಕೊಂಡು ಗ್ಯಾರೇಜಿಗೆ ಹೋಗಿ. ಮೆಕ್ಯಾನಿಕ್ ಜೊತೆ ಜಗಳ ಆಡೋಕೆ ಅಲ್ಲ. ಅವರಿಗೂ ಸರಿಯಾದ ಜಾಗದಿಂದ ಹುಡುಕೋಕೆ ಸಹಾಯ ಆಗುತ್ತೆ.

ಈ ಸಂಚಿಕೆನ, ಗ್ಯಾಸ್ ಕಾರು ಇಟ್ಕೊಂಡಿರೋ ನಿಮ್ಮ ಅಪ್ಪನಿಗೋ, ಮಾವನಿಗೋ, ಟ್ಯಾಕ್ಸಿ ಓಡಿಸೋ ಗೆಳೆಯನಿಗೋ ಕಳಿಸಿ.